ಭಯಕ್ಕೂ ವಯಸ್ಸಾಗುವುದೇ?

ಕಳೆದ ದಸರಾ ರಜೆಗೆ ನಮ್ಮ ಮನೆಗೆ ಬಂದಿದ್ದ 13 ವರ್ಷದ ಮೊಮ್ಮಗ ಒಂದು ರಾತ್ರಿ ದೀಪಗಳನ್ನೆಲ್ಲ ಆರಿಸಿ, ಕಿಟಕಿಯ ಪರದೆಗಳನ್ನು ಎಳೆದು, ಟಿ.ವಿ.ಯಲ್ಲಿ ಇಂಗ್ಲಿಷಿನ ದೆವ್ವದ ಚಿತ್ರವೊಂದನ್ನು ಹಾಕಿದ. ಒಬ್ಬನೇ ಕೂತು ನೋಡುವ ಧೈರ್ಯ ಅವನಿಗಿರಲಿಲ್ಲ. ನೋಡದೆ ಬಿಡುವ ಮನಸ್ಸೂ ಇರಲಿಲ್ಲ. ಹಾಗಾಗಿ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡ. ಚಿತ್ರ ಅರ್ಧ ಮುಗಿಯುವ ಹೊತ್ತಿಗೆ ಅವನು ದಿಂಬನ್ನು ಮುಖಕ್ಕೆ ಒತ್ತಿ ಹಿಡಿದು ಒಂದೇ ಕಣ್ಣಿನಲ್ಲಿ ಪರದೆಯತ್ತ ನೋಡುತ್ತಿದ್ದ; ನಾನು ಗೊರಕೆ ಹೊಡೆಯುತ್ತಿದ್ದೆನಂತೆ. ಅಲುಗಾಡಿಸಿ ಎಬ್ಬಿಸಿ ಕೇಳಿದ: ‘ತಾತ, ನಿಮಗೆ ಹೆದರಿಕೆಯೇ ಆಗೋದಿಲ್ವಾ?’ ಆ ಪ್ರಶ್ನೆಯಲ್ಲಿ ಮೆಚ್ಚುಗೆಗಿಂತ ಆಕ್ಷೇಪಣೆಯೇ ಹೆಚ್ಚಾಗಿತ್ತು. ‘34 ವರ್ಷ ಸರ್ಕಾರಿ ಸೇವೆ ಮಾಡಿದವನಿಗೆ ದೆವ್ವ ಯಾವ ಲೆಕ್ಕ’ ಎಂದು ಹಾರಿಸಿಬಿಟ್ಟೆ. ಅವನು ನಗಲಿಲ್ಲ. ಯೋಚಿಸಿ ನೋಡಿದರೆ ಅದು ಉತ್ತರವೂ ಆಗಿರಲಿಲ್ಲ.

ಏಕೆಂದರೆ ಒಂದು ಕಾಲಕ್ಕೆ ನನ್ನಷ್ಟು ಅಂಜುಬುರುಕ ನಮ್ಮ ಹಳ್ಳಿಯಲ್ಲೇ ಇರಲಿಲ್ಲ. ನನಗಾಗ ಒಂಬತ್ತು ವರ್ಷ, 1967 ಇರಬೇಕು. ಹಾಸನ ಜಿಲ್ಲೆಯ ನಮ್ಮ ಹೋಬಳಿ ಕೇಂದ್ರಕ್ಕೆ ಬಂದಿದ್ದ ಟೂರಿಂಗ್ ಟಾಕೀಸಿಗೆ ದೊಡ್ಡಪ್ಪನ ಮಗ ನನ್ನನ್ನು ಕರೆದೊಯ್ದ. ‘ಬೀಸ್ ಸಾಲ್ ಬಾದ್’ ಎಂಬ ಹಿಂದಿ ಚಿತ್ರ. ಅದು ತೆರೆಕಂಡದ್ದು 1962ರಲ್ಲಿ. ನಮ್ಮ ಟೆಂಟಿಗೆ ಬರಲು ಐದು ವರ್ಷ ಹಿಡಿದಿತ್ತು. ನೆಲದ ಮರಳಿನ ಮೇಲೆ ಕೂತ ನಮಗಿಬ್ಬರಿಗೂ ಹಿಂದಿಯ ಒಂದಕ್ಷರ ಬರುತ್ತಿರಲಿಲ್ಲ. ಕಥೆ ಅರ್ಥವಾಗಲಿಲ್ಲ, ಹೆದರಿಕೆ ಮಾತ್ರ ಚೆನ್ನಾಗಿ ಅರ್ಥವಾಯಿತು. ಇರುಳಿನಲ್ಲಿ ಲತಾ ಮಂಗೇಶ್ಕರ್ ಅವರ ಆ ಹಾಡು ಎಲ್ಲಿಂದಲೋ ತೇಲಿ ಬರುವಾಗ ಅಣ್ಣನ ಅಂಗಿಯ ತುದಿಯನ್ನು ಹಿಡಿದವನು ಮನೆ ಮುಟ್ಟುವವರೆಗೂ ಬಿಡಲಿಲ್ಲ. ಹಿಂದಿರುಗುವ ಎರಡು ಮೈಲಿ ದಾರಿಯಲ್ಲಿ ಬೆಳಕೆಂದರೆ ಒಂದು ಲಾಟೀನು. ನಡುವೆ ಸ್ಮಶಾನ, ಅದರ ಪಕ್ಕದಲ್ಲಿ ಹುಣಸೆಮರ. ಮಾರನೆಯ ಬೆಳಿಗ್ಗೆ ಜ್ವರ. ಅಮ್ಮ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರು. ಅಣ್ಣನಿಗೆ ದೊಡ್ಡಪ್ಪನಿಂದ ಏಟು ಬಿತ್ತು.

ಈ ಪ್ರಸಂಗವನ್ನು ವಿವರವಾಗಿ ಹೇಳಲು ಕಾರಣವಿದೆ. ಅಂದಿನ ಚಿತ್ರ ಟೆಂಟಿನೊಳಗೆ ಮುಗಿಯುತ್ತಿರಲಿಲ್ಲ. ಹೊರಗಿನ ಕತ್ತಲೆ ಅದನ್ನು ಮುಂದುವರಿಸುತ್ತಿತ್ತು. ಪರದೆಯ ಮೇಲಿನ ಇರುಳಿಗೂ ನಮ್ಮೂರಿನ ಇರುಳಿಗೂ ನಡುವೆ ಗೋಡೆ ಇರಲಿಲ್ಲ. ಬೆಂಗಳೂರು ವಿಶ್ವವಿದ್ಯಾನಿಲಯದ ಕುಲಪತಿಗಳಾಗಿದ್ದ ಎಚ್. ನರಸಿಂಹಯ್ಯನವರು 1976ರಲ್ಲಿ ಪವಾಡ ಮತ್ತು ಮೂಢನಂಬಿಕೆಗಳ ಪರಿಶೀಲನೆಗೆ ಸಮಿತಿಯೊಂದನ್ನು ರಚಿಸಿದರು. ಅವರ ಬಗ್ಗೆ ನನಗೆ ಅಪಾರ ಗೌರವವಿದೆ. ಆದರೂ ನಮ್ಮ ಹಳ್ಳಿಗಳ ದೆವ್ವಗಳನ್ನು ಓಡಿಸಿದ ಕೀರ್ತಿಯಲ್ಲಿ ಹೆಚ್ಚಿನ ಪಾಲು ವಿದ್ಯುತ್ ಮಂಡಳಿಗೆ ಸಲ್ಲಬೇಕೆಂಬುದು ನನ್ನ ಅಭಿಪ್ರಾಯ. ಭಾಗ್ಯಜ್ಯೋತಿ ಯೋಜನೆಯ ಒಂಟಿ ಬಲ್ಬು ಗುಡಿಸಲಿಗೆ ಬಂದ ಮೇಲೆ ಮೂಲೆಯಲ್ಲಿ ನಿಂತಿದ್ದದ್ದು ದೆವ್ವವಲ್ಲ, ಒನಕೆ ಎಂದು ತಿಳಿಯತೊಡಗಿತು. ವಿದ್ಯುತ್ ಪೂರೈಕೆಯ ಲಾಭ–ನಷ್ಟಗಳನ್ನು ಲೆಕ್ಕ ಹಾಕುವ ನಾವು ಅರ್ಥಶಾಸ್ತ್ರದವರು ಈ ಲಾಭವನ್ನು ಯಾವ ಕೋಷ್ಟಕದಲ್ಲಿಯೂ ತೋರಿಸಲಿಲ್ಲ.

ಆದರೆ ಬೆಳಕೊಂದೇ ಕಾರಣವಾಗಿದ್ದರೆ, ಬಟನ್ ಒತ್ತಿದರೆ ಹಗಲಾಗುವ ಮನೆಯಲ್ಲಿ ಹುಟ್ಟಿದ ನನ್ನ ಮೊಮ್ಮಗ ಹೆದರಬಾರದಿತ್ತು. ಆದ್ದರಿಂದ ವಯಸ್ಸಿನ ಪಾತ್ರವನ್ನು ಒಪ್ಪಲೇಬೇಕು. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯದ ಜೊವಾನ್ ಕ್ಯಾಂಟರ್ ಎಂಬ ವಿದುಷಿ ಮಕ್ಕಳು ಸಿನಿಮಾ ಮತ್ತು ಟಿ.ವಿ.ಗೆ ಹೆದರುವ ಬಗೆಯನ್ನು ಬಹುಕಾಲ ಅಧ್ಯಯನ ಮಾಡಿದ್ದಾರೆ. ಅವರ ನಿರೀಕ್ಷಣೆಗಳು ಸ್ವಾರಸ್ಯವಾಗಿವೆ. ‘ಇನ್‌ಕ್ರೆಡಿಬಲ್ ಹಲ್ಕ್’ ಎಂಬ ಧಾರಾವಾಹಿಯಲ್ಲಿ ಸಾಧು ಮನುಷ್ಯನೊಬ್ಬ ಹಸಿರು ಬಣ್ಣದ ದೈತ್ಯನಾಗಿ ಬದಲಾಗುತ್ತಾನೆ. ಆ ದೈತ್ಯ ಒಳ್ಳೆಯವನು, ಆಪತ್ತಿನಲ್ಲಿದ್ದವರನ್ನು ಕಾಪಾಡಲು ಬರುವವನು. ದೊಡ್ಡ ಮಕ್ಕಳಿಗೆ ಇದು ತಿಳಿಯುತ್ತದೆ. ಶಾಲೆಗೆ ಹೋಗುವ ವಯಸ್ಸಾಗದ ಕಂದಮ್ಮಗಳು ಮಾತ್ರ ಆ ರೂಪಾಂತರದ ಕ್ಷಣದಲ್ಲಿಯೇ ಬೆಚ್ಚುತ್ತವೆ. ಅವಕ್ಕೆ ಕಂಡದ್ದೇ ಸತ್ಯ.

ಇದಕ್ಕಿಂತಲೂ ನನ್ನನ್ನು ಯೋಚನೆಗೆ ಹಚ್ಚಿದ್ದು ಇನ್ನೊಂದು ಅಧ್ಯಯನ. 1983ರ ನವೆಂಬರಿನಲ್ಲಿ ಅಮೆರಿಕದಲ್ಲಿ ‘ದಿ ಡೇ ಆಫ್ಟರ್’ ಎಂಬ ಟಿ.ವಿ. ಚಿತ್ರ ಪ್ರಸಾರವಾಯಿತು. ಕಾನ್ಸಾಸ್ ಪ್ರಾಂತ್ಯದ ಸಾಮಾನ್ಯ ಸಂಸಾರಗಳ ಮೇಲೆ ಅಣುಬಾಂಬು ಬಿದ್ದರೆ ಏನಾದೀತು ಎಂಬುದು ಅದರ ವಸ್ತು. ಮಕ್ಕಳು ತತ್ತರಿಸಿಹೋಗುತ್ತಾರೆ ಎಂಬ ಆತಂಕ ದೇಶವಿಡೀ ಹಬ್ಬಿತ್ತು. ಆದರೆ ಕ್ಯಾಂಟರ್ ಮತ್ತು ಸಂಗಡಿಗರು ವಿಚಾರಿಸಿದಾಗ ತಿಳಿದದ್ದು ಬೇರೆಯೇ: ಎಲ್ಲರಿಗಿಂತ ಕಡಿಮೆ ಕಲಕಿಹೋದವರು ಅತಿ ಚಿಕ್ಕ ಮಕ್ಕಳು. ವಯಸ್ಸು ಏರಿದಂತೆ ಕಳವಳವೂ ಏರಿತ್ತು. ಅಣುಯುದ್ಧಕ್ಕೆ ಕೋರೆಹಲ್ಲಿಲ್ಲ, ಕೆದರಿದ ಕೂದಲಿಲ್ಲ; ಅದಕ್ಕೆ ಹೆದರಬೇಕಾದರೆ ತಿಳಿವಳಿಕೆ ಬೇಕು. ಅಂದಮೇಲೆ ‘ವಯಸ್ಸಾದಂತೆ ಹೆದರಿಕೆ ಕಡಿಮೆಯಾಗುತ್ತದೆ’ ಎಂಬ ಮಾತನ್ನು ತುಸು ತಿದ್ದಿಕೊಳ್ಳಬೇಕಾಗುತ್ತದೆ. ಹೆದರಿಕೆ ಮನೆ ಖಾಲಿ ಮಾಡುವುದಿಲ್ಲ, ಕೋಣೆ ಬದಲಾಯಿಸುತ್ತದೆ.

ಶರೀರದ ಕಾರಣಗಳೂ ಇವೆ. ಅಪಾಯವನ್ನು ಕಂಡೊಡನೆ ಗಂಟೆ ಬಾರಿಸುವ ಅಮಿಗ್ಡಲ ಎಂಬ ಬಾದಾಮಿ ಗಾತ್ರದ ಅಂಗವೊಂದು ಮಿದುಳಿನೊಳಗಿದೆ. ಅದನ್ನು ಸಮಾಧಾನಪಡಿಸುವ ಕೆಲಸ ಹಣೆಯ ಹಿಂದಿನ ಮುಮ್ಮಿದುಳಿನದು. ಅದು ಪೂರ್ತಿ ಬಲಿಯುವುದು ಇಪ್ಪತ್ತು ವರ್ಷ ದಾಟಿದ ಮೇಲೆ. 2004ರಲ್ಲಿ ಮಾರಾ ಮಾಥರ್ ಮತ್ತು ಸಂಗಡಿಗರು ತರುಣರಿಗೂ ವೃದ್ಧರಿಗೂ ಹಿತಕರ, ಅಹಿತಕರ ಚಿತ್ರಗಳನ್ನು ತೋರಿಸಿ ಮಿದುಳಿನ ಸ್ಕ್ಯಾನ್ ಮಾಡಿದರು. ವೃದ್ಧರ ಅಮಿಗ್ಡಲ ಹಿತಕರ ಚಿತ್ರಗಳಿಗೆ ಸ್ಪಂದಿಸಿದಷ್ಟು ಅಹಿತಕರ ಚಿತ್ರಗಳಿಗೆ ಸ್ಪಂದಿಸಲಿಲ್ಲ. ಉಳಿದ ಕಾಲ ಕಡಿಮೆ ಎಂಬ ಅರಿವು ಮೂಡಿದಾಗ ಮನಸ್ಸು ಕಹಿಯನ್ನು ಬದಿಗೊತ್ತಿ ಅರ್ಥಪೂರ್ಣವಾದದ್ದರ ಕಡೆ ತಿರುಗುತ್ತದೆ ಎಂಬುದು ಸ್ಟ್ಯಾನ್‌ಫರ್ಡ್‌ನ ಲಾರಾ ಕಾರ್ಸ್ಟೆನ್‌ಸನ್ ಅವರ ಸಿದ್ಧಾಂತ. ಅಡ್ರಿನಲಿನ್‌ಗೆ ಮುದಿ ಹೃದಯ ಎಳೆಯ ಹೃದಯದಷ್ಟು ಚುರುಕಾಗಿ ಓಗೊಡುವುದಿಲ್ಲ ಎಂಬುದಂತೂ ವೈದ್ಯರೆಲ್ಲ ಬಲ್ಲ ಸಂಗತಿ. ಇವೆಲ್ಲಕ್ಕಿಂತ ಸರಳವಾದ ಕಾರಣವೊಂದನ್ನು ನನ್ನ ಸ್ವಂತ ಅನುಭವದಿಂದ ಸೇರಿಸುತ್ತೇನೆ. ವಯಸ್ಸಾದ ಕಿವಿ ಮೊದಲು ಕಳೆದುಕೊಳ್ಳುವುದು ತೀಕ್ಷ್ಣ ಸ್ವರಗಳನ್ನು. ಬಾಗಿಲು ಕಿರುಗುಟ್ಟುವುದು, ದೆವ್ವ ಪಿಸುಗುಟ್ಟುವುದು ಇತ್ಯಾದಿಗಳಿಗೆಂದು ನಿರ್ಮಾಪಕರು ಸುರಿಯುವ ಹಣ ನನ್ನ ಪಾಲಿಗೆ ವ್ಯರ್ಥ. ಕೇಳಿಸದ ದೆವ್ವಕ್ಕೆ ಯಾರು ಹೆದರುತ್ತಾರೆ?

ಅರ್ಥಶಾಸ್ತ್ರದಲ್ಲಿ ಎಂ.ಎ. ಮಾಡಿದವನು ಇಷ್ಟು ಹೇಳಿ ಸುಮ್ಮನಿರಲಾರ. ಅನುಭೋಗ ಹೆಚ್ಚಿದಂತೆ ತೃಪ್ತಿ ಇಳಿಯುತ್ತದೆ ಎಂಬ ನಿಯಮವನ್ನು ಜರ್ಮನಿಯ ಗಾಸೆನ್ 1854ರಲ್ಲಿಯೇ ಬರೆದಿಟ್ಟ. ಮೊದಲ ಹೋಳಿಗೆಯ ರುಚಿ ಆರನೆಯದಕ್ಕಿಲ್ಲ. ಮೊದಲ ದೆವ್ವದ ನಡುಕ ನಲವತ್ತನೆಯದಕ್ಕಿಲ್ಲ. ಹೆಂಗಸು ಕನ್ನಡಿಯ ಮುಂದೆ ಬಗ್ಗಿ ಮುಖ ತೊಳೆದು ಎದ್ದಾಗ ಹಿಂದೆ ಯಾರೋ ನಿಂತಿರುತ್ತಾರೆ ಎಂಬುದು ನನಗೆ ಅವಳಿಗಿಂತ ಮೊದಲೇ ತಿಳಿದಿರುತ್ತದೆ. ಆದರೆ ಇದಕ್ಕಿಂತ ಆಳವಾದ ವಿವರಣೆ 1921ರಲ್ಲಿ ಷಿಕಾಗೊದ ಫ್ರಾಂಕ್ ನೈಟ್ ಮಾಡಿದ ಭೇದದಲ್ಲಿದೆ ಎಂದು ನನಗೆ ತೋರುತ್ತದೆ. ಸಂಭವನೀಯತೆಯನ್ನು ಎಣಿಸಬಹುದಾದ ಅಪಾಯ ಬೇರೆ, ಎಣಿಕೆಗೇ ಸಿಗದ ಅನಿಶ್ಚಿತತೆ ಬೇರೆ ಎಂದ ನೈಟ್. ಮೊದಲನೆಯದಕ್ಕೆ ವಿಮೆ ಮಾಡಿಸಬಹುದು, ಎರಡನೆಯದಕ್ಕೆ ಆಗದು. ಮಗುವಿಗೆ ಜಗತ್ತೆಲ್ಲ ಎರಡನೆಯ ಬಗೆಯದು. ಮಂಚದ ಕೆಳಗೆ ಏನು ಬೇಕಾದರೂ ಇರಬಹುದು. ಅರವತ್ತು ದಾಟಿದವನಿಗೆ ಮಂಚದ ಕೆಳಗೆ ಹಳೆಯ ಟ್ರಂಕು ಇದೆ, ಅದರಲ್ಲಿ ಪಿಂಚಣಿಯ ಕಾಗದಗಳಿವೆ. ರಕ್ತದೊತ್ತಡವೆಷ್ಟು, ಸಕ್ಕರೆಯೆಷ್ಟು, ಸೊಸೈಟಿ ಮುಳುಗಿದರೆ ಠೇವಣಿಯಲ್ಲಿ ಉಳಿಯುವುದೆಷ್ಟು ಎಂದು ಅವನು ಲೆಕ್ಕ ಹಾಕಿರುತ್ತಾನೆ. ದೆವ್ವಕ್ಕೆ ಆ ಲೆಕ್ಕದಲ್ಲಿ ಕಲಮೇ ಇಲ್ಲ.

ಹಾಗೆಂದು ಅವನು ನಿಶ್ಚಿಂತ ಎಂದಲ್ಲ. 2021ರ ಏಪ್ರಿಲ್, ಮೇ ತಿಂಗಳುಗಳಲ್ಲಿ ಬೆಂಗಳೂರಿನಲ್ಲಿದ್ದ ನನ್ನ ವಯಸ್ಸಿನವರನ್ನು ಕೇಳಿ ನೋಡಿ. ರಾತ್ರಿ ಎರಡು ಗಂಟೆಗೆ ಫೋನು ಬಡಿದುಕೊಂಡರೆ ಎತ್ತಲು ಕೈ ಬಾರದೆ ಮಂಚದ ಮೇಲೆ ಕೂತಿರುತ್ತಿದ್ದ ಆ ವಾರಗಳ ಮುಂದೆ ಯಾವ ಹಿನ್ನೆಲೆ ಸಂಗೀತ ನಿಂತೀತು?

ಇಷ್ಟೆಲ್ಲ ಹೇಳಿದರೂ ನನ್ನ ವಿಚಾರದಲ್ಲಿ ನಿಜವಾದ ಕಾರಣ ಅಮಿಗ್ಡಲವೂ ಅಲ್ಲ, ಗಾಸೆನ್ ನಿಯಮವೂ ಅಲ್ಲ. ಅದಕ್ಕೊಂದು ವರ್ಷವಿದೆ, ಒಂದು ಮಧ್ಯಾಹ್ನವಿದೆ.

1979ರಲ್ಲಿ, ಮಾನಸ ಗಂಗೋತ್ರಿಯಲ್ಲಿ ಎಂ.ಎ. ಓದುತ್ತಿದ್ದಾಗ, ‘ನಾ ನಿನ್ನ ಬಿಡಲಾರೆ’ ಬಂತು. ಸತ್ತ ಹೆಣ್ಣೊಬ್ಬಳ ಪ್ರೇತ ನಾಯಕನ ಮೈಹೊಕ್ಕು ಕಾಡುವ ಕಥೆ. ಅನಂತನಾಗ್ ಅವರ ಕಣ್ಣುಗಳು, ಆ ದನಿ. ಹಾಸ್ಟೆಲಿನ ನಾವು ಏಳೆಂಟು ಮಂದಿ ಎರಡನೇ ಆಟ ಮುಗಿಸಿ ಒಬ್ಬರಿಗೊಬ್ಬರು ಅಂಟಿಕೊಂಡೇ ನಡೆದು ಬಂದೆವು. ಕೀನ್ಸ್ ಓದಿದ್ದರಿಂದ ಅಂದು ನನಗೇನೂ ಸಹಾಯವಾಗಲಿಲ್ಲ. ಒಂದು ವಾರ ಬಚ್ಚಲಿಗೆ ಹೋಗಲು ಜೊತೆ ಬೇಕಾಗಿತ್ತು. ಅದೇ ನಾನು ಹೆದರಿದ ಕೊನೆಯ ಚಿತ್ರ.

1986ರಲ್ಲಿ ನಾನು ಬಯಲುಸೀಮೆಯ ಒಂದು ತಾಲ್ಲೂಕಿನ ತಹಸೀಲ್ದಾರ. ಮದುವೆಯಾಗಿ ಏಳು ವರ್ಷದೊಳಗೆ ಹೆಣ್ಣುಮಗಳು ಸಂಶಯಾಸ್ಪದವಾಗಿ ತೀರಿಕೊಂಡರೆ ದಂಡಾಧಿಕಾರಿಯೇ ಶವ ತನಿಖೆ ನಡೆಸಬೇಕೆಂದು 1983ರಲ್ಲಿ ಕಾನೂನಿಗೆ ತಿದ್ದುಪಡಿಯಾಗಿತ್ತು. ಒಂದು ಮಧ್ಯಾಹ್ನ ಕರೆ ಬಂತು. ಇಪ್ಪತ್ತು ವರ್ಷದ ಹುಡುಗಿ; ಮದುವೆಯಾಗಿ ಹದಿನಾಲ್ಕು ತಿಂಗಳು. ತಗಡು ಹೊದಿಸಿದ ಶೆಡ್ಡಿನಲ್ಲಿ ಮಲಗಿಸಿದ್ದರು. ಕಂಡದ್ದನ್ನು ಇಲ್ಲಿ ವರ್ಣಿಸುವುದಿಲ್ಲ. ಸೀಮೆಎಣ್ಣೆಯ ವಾಸನೆ ಆಮೇಲೆ ಎಷ್ಟೋ ದಿನ ನನ್ನ ಅಂಗಿಯಲ್ಲಿದ್ದಂತೆ ಅನ್ನಿಸುತ್ತಿತ್ತು ಎಂದಷ್ಟೇ ಹೇಳುತ್ತೇನೆ. ಅಲ್ಲಿಂದ ಮನೆಗೆ ಹೋಗಿ ಅಡುಗೆಮನೆಯ ಮಹಜರು ಮಾಡಿಸಿದೆ. ಗಂಡ, ಅತ್ತೆ, ಮಾವ, ನೆರೆಯವರು ಎಲ್ಲರದೂ ಒಂದೇ ಹೇಳಿಕೆ: ಸ್ಟವ್ ಸಿಡಿಯಿತು, ಸೀರೆಗೆ ಬೆಂಕಿ ಹತ್ತಿತು. ಹುಡುಗಿಯ ತಂದೆ ಪಕ್ಕದ ಹಳ್ಳಿಯ ಸಣ್ಣ ರೈತ. ‘ಹಣೆಬರಹ ಸ್ವಾಮಿ’ ಎಂದು ಹೆಬ್ಬೆಟ್ಟು ಒತ್ತಿದ. ಅವಳ ತಮ್ಮ, ಹನ್ನೆರಡು ಹದಿಮೂರು ವರ್ಷದವನು, ಬಾಗಿಲ ಬಳಿ ನಿಂತು ಇಡೀ ಹೊತ್ತು ನನ್ನ ಮುಖವನ್ನೇ ನೋಡುತ್ತಿದ್ದ. ಒಂದು ಮಾತೂ ಆಡಲಿಲ್ಲ. ನಾನು ಜೀಪು ಹತ್ತಿದ ಮೇಲೆ ಹತ್ತಿರಕ್ಕೆ ಬಂದ. ಒಂದು ಕ್ಷಣ ನಿಂತು, ಹಿಂದೆ ಸರಿದ.

ರಾತ್ರಿ ಊಟ ಸೇರಲಿಲ್ಲ. ಹೆಂಡತಿ ಕಾರಣ ಕೇಳಿದಳು. ಸ್ಟವ್ ಸಿಡಿದು ಹುಡುಗಿಯೊಬ್ಬಳು ಹೋದಳು ಎಂದೆ.

‘ಯಾವ ಸ್ಟವ್ವು?’

‘ಬತ್ತಿ ಸ್ಟವ್ವು. ಮಹಜರಿನಲ್ಲಿ ನಾನೇ ಬರೆಸಿದ್ದೇನೆ, ಹತ್ತು ಬತ್ತಿಯದು.’

‘ಬತ್ತಿ ಸ್ಟವ್ವು ಎಲ್ಲಾದರೂ ಸಿಡಿಯುತ್ತೇನ್ರೀ? ಸಿಡಿಯೋದು ಪಂಪ್ ಸ್ಟವ್ವು.’

ಅಡುಗೆಮನೆಗೆ ಕಾಲಿಡದೆ ಬೆಳೆದ ನನಗೆ ಅದು ತಿಳಿದಿರಲಿಲ್ಲ. ಆ ಸ್ಟವ್ ನನ್ನ ಕಣ್ಣ ಮುಂದೆ ಬಂತು: ಒಂದು ಬತ್ತಿಯೂ ಅಲುಗದೆ, ಬಣ್ಣವೂ ಕೆಡದೆ ಮೂಲೆಯಲ್ಲಿ ಕುಳಿತಿತ್ತು. ವರದಿ ಇನ್ನೂ ನನ್ನ ಮೇಜಿನ ಮೇಲೆಯೇ ಇತ್ತು. ಮಾರನೆಯ ದಿನ ಹಿರಿಯ ಅಧಿಕಾರಿಯೊಬ್ಬರಲ್ಲಿ ಪ್ರಸ್ತಾಪಿಸಿದೆ. ‘ಹೆತ್ತ ತಂದೆಯೇ ಒಪ್ಪಿರುವಾಗ ನಿಮಗೇನ್ರೀ?’ ಎಂದರು. ವರದಿಯನ್ನು ಹಾಗೆಯೇ ಕಳುಹಿಸಿದೆ. ನಾಲ್ಕು ತಿಂಗಳಿಗೆ ವರ್ಗವಾಯಿತು. ಮುಂದೆ ಆ ಕಡತ ಏನಾಯಿತೆಂದು ನಾನು ವಿಚಾರಿಸಲಿಲ್ಲ; ವಿಚಾರಿಸದಿರುವುದಕ್ಕೆ ಸರ್ಕಾರಿ ನೌಕರನಿಗೆ ಸದಾ ಸಕಾರಣಗಳಿರುತ್ತವೆ.

ಮರುವರ್ಷ ಯಾರೋ ತಂದ ವಿಡಿಯೊ ಕ್ಯಾಸೆಟ್ಟಿನಲ್ಲಿ ‘ಬೀಸ್ ಸಾಲ್ ಬಾದ್’ ಅನ್ನು ಮತ್ತೆ ನೋಡಿದೆ. ಹೆಸರಿಗೆ ತಕ್ಕಂತೆ ಇಪ್ಪತ್ತು ವರ್ಷ ಕಳೆದ ನಂತರವೇ ನನಗೆ ಕಥೆ ಅರ್ಥವಾದದ್ದು. ಅದರಲ್ಲಿ ದೆವ್ವವೇ ಇಲ್ಲ. ಅನ್ಯಾಯಕ್ಕೊಳಗಾದ ಹೆಣ್ಣುಮಗಳೊಬ್ಬಳಿಗಾಗಿ ಮನುಷ್ಯನೇ ತೀರಿಸಿಕೊಳ್ಳುವ ಸೇಡು ಅದು. ಅಂದಿನಿಂದ ಗಮನಿಸುತ್ತ ಬಂದಿದ್ದೇನೆ: ನಮ್ಮ ಚಿತ್ರಗಳ ದೆವ್ವಗಳಲ್ಲಿ ಬಹುಪಾಲು ಹೆಣ್ಣುಗಳು, ಬಹುಪಾಲು ದೂರು ದಾಖಲಾಗದವರು. 2004ರಲ್ಲಿ ‘ಆಪ್ತಮಿತ್ರ’ ಬಂದಾಗ ಸಂಸಾರ ಸಮೇತ ನೋಡಲು ಹೋಗಿದ್ದೆ. ಸೌಂದರ್ಯ ನಾಗವಲ್ಲಿಯಾಗಿ ಕಣ್ಣರಳಿಸಿದಾಗ ಚಿತ್ರಮಂದಿರ ಉಸಿರು ಬಿಗಿಹಿಡಿದಿತ್ತು. ಆ ಕಲಾವಿದೆ ಚಿತ್ರ ತೆರೆಕಾಣುವ ಮೊದಲೇ, ಅದೇ ವರ್ಷದ ಏಪ್ರಿಲಿನಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡಿದ್ದರು ಎಂಬುದು ಪ್ರೇಕ್ಷಕರ ಎದೆಯನ್ನು ಇನ್ನಷ್ಟು ಭಾರವಾಗಿಸಿತ್ತು. ನನಗೆ ಮಾತ್ರ ನಾಗವಲ್ಲಿ ಹೆದರಿಸುವವಳಾಗಿ ಕಾಣಲಿಲ್ಲ, ಅರ್ಜಿದಾರಳಾಗಿ ಕಂಡಳು. ಅವಳು ಕೇಳುತ್ತಿದ್ದದ್ದು ವಿಚಾರಣೆಯೊಂದನ್ನೇ.

ಭರತನ ನಾಟ್ಯಶಾಸ್ತ್ರದಲ್ಲಿ ಒಂದೊಂದು ರಸಕ್ಕೂ ಒಬ್ಬೊಬ್ಬ ಅಧಿದೇವತೆಯಿದ್ದಾನೆ. ಭಯಾನಕಕ್ಕೆ ಯಮನಿರಬೇಕೆಂದು ನಾನು ಬಹುಕಾಲ ತಿಳಿದಿದ್ದೆ. ಹಾಗಲ್ಲ. ಯಮ ಕರುಣರಸದ ದೇವತೆ. ಭಯಾನಕಕ್ಕೆ ಇರುವವನು ಕಾಲ. ಪಂಡಿತರು ಇದಕ್ಕೆ ಬೇರೆ ವ್ಯಾಖ್ಯಾನ ಕೊಡಬಹುದು. ಕಾಲ ಸರಿದಂತೆ ಒಂದು ರಸ ಇನ್ನೊಂದಕ್ಕೆ ಜಾಗ ಬಿಟ್ಟುಕೊಡುವುದನ್ನು ನಾನಂತೂ ಕಂಡಿದ್ದೇನೆ.

ಅಂದು ರಾತ್ರಿ ಒಂದು ಗಂಟೆಯ ಸುಮಾರಿಗೆ ಮೊಮ್ಮಗ ದಿಂಬು ಹಿಡಿದು ನನ್ನ ಕೋಣೆಗೆ ಬಂದ. ‘ದೀಪ ಇರಲಿ ತಾತ’ ಎಂದು ಗೋಡೆಯ ಕಡೆ ತಿರುಗಿ ಮಲಗಿ ನಿಮಿಷದೊಳಗೆ ನಿದ್ದೆ ಹೋದ. ಬೆಳಿಗ್ಗೆ ಕಾಫಿ ಕುಡಿಯುವಾಗ ಅದೇ ಪ್ರಶ್ನೆಯನ್ನು ಮತ್ತೆ ಎತ್ತಿದ. ನಾನು ಯಾರಿಗೂ ಹೇಳದಿದ್ದ ಸ್ಟವ್ವಿನ ಕಥೆಯನ್ನು, ಮಗುವಿಗೆ ಹೇಳಬಾರದ್ದನ್ನು ಬಿಟ್ಟು, ಅವನಿಗೆ ಹೇಳಿದೆ. ತನ್ನದೇ ವಯಸ್ಸಿನ ಆ ಹುಡುಗನ ವಿಷಯ ಬಂದಾಗ ಅವನು ಲೋಟವನ್ನು ಕೆಳಗಿಟ್ಟ.

‘ಜೀಪ್ ಹತ್ತಿರ ಬಂದನಲ್ಲ, ಇಳಿದು ಏನಪ್ಪಾ ಅಂತ ಕೇಳಬಹುದಿತ್ತಲ್ವಾ ತಾತ?’

ಅಷ್ಟು ಹೊತ್ತಿಗೆ ಜೀಪು ಹೊರಟುಬಿಟ್ಟಿತ್ತು ಎಂದೆ. ಹೊರಟಿರಲಿಲ್ಲ. ಚಾಲಕ ನನ್ನ ಅಪ್ಪಣೆಗಾಗಿ ಕಾಯುತ್ತಿದ್ದ.